ಬಸವನಹುಳು ತುಂಬಿದ ಅಕ್ವೇರಿಯಂಗೆ ಯಾವ ಲೋಚ್ ತರಬೇಕು?

ಅಕ್ವೇರಿಯಂ ಇಟ್ಟು ಅದರಲ್ಲಿ ನಾಲ್ಕು ಗಿಡ ನೆಟ್ಟವರಿಗೆಲ್ಲ ಕೆಲವು ತಿಂಗಳಲ್ಲಿ ಎದುರಾಗುವ ಸಮಸ್ಯೆ ಇದು. ಗಿಡದ ಜೊತೆ ಕಣ್ತಪ್ಪಿಸಿ ಬಂದ ಒಂದೆರಡು ಬಸವನಹುಳು ನೋಡನೋಡುತ್ತಿದ್ದಂತೆ ಗಾಜಿನ ಮೇಲೆ, ಎಲೆಯಡಿ, ಫಿಲ್ಟರಿನ ಬಾಯಿಯಲ್ಲಿ ಎಲ್ಲೆಂದರಲ್ಲಿ ಕಾಣಿಸತೊಡಗುತ್ತವೆ. ಅಂಗಡಿಯಲ್ಲಿ ಹೇಳಿಕೊಂಡರೆ "ಎರಡು ಲೋಚ್ ಹಾಕಿ, ಎಲ್ಲ ತಿಂದುಬಿಡುತ್ತೆ" ಎಂಬ ಉತ್ತರ ಸಿಗುತ್ತದೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಬಸವನಹುಳುವನ್ನು ಇಷ್ಟಪಟ್ಟು ತಿನ್ನುವ ಲೋಚ್‌ಗಳು ಇವೆ. ಆದರೆ ಲೋಚ್ ಎಂದರೆ ಒಂದು ಮೀನಲ್ಲ. ಬೆರಳುದ್ದ ಬೆಳೆದು ನಿಲ್ಲುವ ಲೋಚ್ ಇದೆ, ಒಂದಡಿ ಬೆಳೆಯುವ ಲೋಚ್ ಇದೆ, ಜೊತೆಯ ಮೀನುಗಳ ರೆಕ್ಕೆ ಹರಿಯುವುದೂ ಇದೆ, ಬಸವನಹುಳುವಿನ ತಂಟೆಗೇ ಹೋಗದ್ದೂ ಇದೆ. ಎರಡೇ ಎರಡು ತಂದು ಬಿಟ್ಟರೆ ಚೆನ್ನಾಗಿ ಬದುಕುವ ಲೋಚ್ ಮಾತ್ರ ಇವುಗಳಲ್ಲಿ ಯಾವುದೂ ಇಲ್ಲ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಕುಳಿತು ಎರಡು ವಿಷಯ ನೋಡಿಕೊಳ್ಳಬೇಕು. ನಿಮ್ಮಲ್ಲಿರುವುದು ಯಾವ ಬಸವನಹುಳು? ನಿಮ್ಮ ಟ್ಯಾಂಕಿನಲ್ಲಿ ಎಷ್ಟು ಜಾಗ ಇದೆ? ಯಾವ ಲೋಚ್ ಎಂಬುದು ಈ ಎರಡು ಉತ್ತರಗಳಿಂದಲೇ ತೀರ್ಮಾನವಾಗುತ್ತದೆ.

ಬಸವನಹುಳುವಿನಿಂದ ಶುರು ಮಾಡೋಣ. ನಮ್ಮ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ಬಗೆ. ಮೊದಲನೆಯದು ಬ್ಲ್ಯಾಡರ್ ಸ್ನೇಲ್. ತೆಳ್ಳನೆಯ ಚಿಪ್ಪು, ಕಂದು ಬಣ್ಣದ ಮೇಲೆ ಸಣ್ಣ ಹಳದಿ ಚುಕ್ಕೆಗಳು, ಗಾತ್ರ ಒಂದು ಸೆಂಟಿಮೀಟರಿನ ಆಸುಪಾಸು. ಚಿಪ್ಪಿನ ಮೊನೆ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಬರುವಂತೆ ಹಿಡಿದು ನೋಡಿ. ಬಾಯಿ ಎಡಗಡೆಗೆ ಇದ್ದರೆ ಅದು ಬ್ಲ್ಯಾಡರ್ ಸ್ನೇಲ್. ಎರಡನೆಯದು ರ‍್ಯಾಮ್ಸ್‌ಹಾರ್ನ್: ಚಪ್ಪಟೆಯಾಗಿ ಸುರುಳಿ ಸುತ್ತಿದ ಚಿಪ್ಪು, ಕಂದು ಅಥವಾ ಕೆಂಪು ಬಣ್ಣ. ಇವೆರಡೂ ಎಲೆಯ ಅಡಿಯಲ್ಲೋ ಗಾಜಿನ ಮೇಲೋ ಪಾರದರ್ಶಕ ಲೋಳೆಯ ಮುದ್ದೆಯಲ್ಲಿ ಮೊಟ್ಟೆ ಇಡುತ್ತವೆ. ಒಂದೇ ಪ್ರಾಣಿಯಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುವುದರಿಂದ, ಒಂಟಿಯಾಗಿ ಬಂದ ಹುಳುವೂ ಸಂಸಾರ ಹೂಡಬಲ್ಲದು.

ಮೂರನೆಯದು ಟ್ರಂಪೆಟ್ ಸ್ನೇಲ್. ಉದ್ದನೆಯ, ಮೊನಚಾದ, ಗಟ್ಟಿ ಚಿಪ್ಪು. ಹಗಲೆಲ್ಲ ಮರಳಿನೊಳಗೆ ಹುದುಗಿದ್ದು ರಾತ್ರಿ ಮೇಲೆ ಬರುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಗಂಡಿನ ನೆರವಿಲ್ಲದೆಯೂ ಹೆಣ್ಣು ಮರಿ ಹಾಕಬಲ್ಲದು. ಟ್ಯಾಂಕಿನಲ್ಲಿ ಹತ್ತಿಪ್ಪತ್ತು ಇರಬಹುದು ಅಂದುಕೊಂಡವರು ಒಮ್ಮೆ ನಡುರಾತ್ರಿ ಟಾರ್ಚ್ ಹಾಕಿ ನೋಡಬೇಕು. ಮರಳೇ ಹರಿದಾಡುತ್ತಿರುವುದು ಕಾಣಿಸುತ್ತದೆ.

ಇವುಗಳ ನಡುವೆ ನಮಗೆ ಮುಖ್ಯವಾದ ವ್ಯತ್ಯಾಸ ಚಿಪ್ಪಿನ ಬಾಗಿಲಿನದು. ಬ್ಲ್ಯಾಡರ್ ಸ್ನೇಲ್‌ಗೂ ರ‍್ಯಾಮ್ಸ್‌ಹಾರ್ನ್‌ಗೂ ಬಾಗಿಲಿಲ್ಲ. ಅಪಾಯ ಬಂದರೆ ಒಳಗೆ ಮುದುಡಿಕೊಳ್ಳುತ್ತವೆ, ಬಾಯಿ ತೆರೆದೇ ಇರುತ್ತದೆ. ಟ್ರಂಪೆಟ್ ಸ್ನೇಲ್ ಹಾಗಲ್ಲ. ಒಳಗೆ ಹೋಗಿ ಗಟ್ಟಿ ಮುಚ್ಚಳವೊಂದನ್ನು ಎಳೆದುಕೊಂಡು ಭದ್ರವಾಗುತ್ತದೆ. ಲೋಚ್ ತಿನ್ನುವ ರೀತಿಯನ್ನು ನೋಡಿದರೆ ಈ ಬಾಗಿಲು ಎಷ್ಟು ದೊಡ್ಡ ಅಡ್ಡಿ ಎಂಬುದು ತಿಳಿಯುತ್ತದೆ.

ಲೋಚ್‌ಗೆ ದವಡೆಯಲ್ಲಿ ಹಲ್ಲಿಲ್ಲ. ಇರುವ ಹಲ್ಲು ಗಂಟಲಿನ ಒಳಗೆ. ಮೂತಿಯ ತುದಿಯಲ್ಲಿ ನೇತಾಡುವ ಮೀಸೆಗಳಿಂದ ಅದು ನೆಲವನ್ನು ತಡವುತ್ತ ಸಾಗುತ್ತದೆ. ಬಸವನಹುಳು ಸಿಕ್ಕಿತೆಂದರೆ ತಲೆ ಕೆಳಗೆ, ಬಾಲ ಮೇಲೆ ಮಾಡಿ ಓರೆಯಾಗಿ ನಿಲ್ಲುತ್ತದೆ. ಮೂತಿಯಿಂದ ಚಿಪ್ಪನ್ನು ಉರುಳಿಸಿ ಉರುಳಿಸಿ ಅದರ ಬಾಯಿ ಮೇಲೆ ಬರುವಂತೆ ಮಾಡಿ, ತನ್ನ ತುಟಿಯನ್ನು ಅದಕ್ಕೆ ಹೊಂದಿಸಿ, ಒಳಗಿನ ಮೃದು ದೇಹವನ್ನು ಒಂದೇ ಸಮ ಎಳೆಯುತ್ತದೆ. ದೇಹ ಹೊರಬಂದ ಮೇಲೆ ಚಿಪ್ಪನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ತೀರಾ ಸಣ್ಣ ಹುಳುವಾದರೆ ಇಡಿಯಾಗಿ ನುಂಗಿ ಗಂಟಲ ಹಲ್ಲಿನಲ್ಲಿ ಅರೆಯುತ್ತದೆ. ಬಾಗಿಲಿಲ್ಲದ ಚಿಪ್ಪು ಈ ವಿಧಾನಕ್ಕೆ ಸುಲಭದ ತುತ್ತು. ಬಲಿತ ಟ್ರಂಪೆಟ್ ಸ್ನೇಲ್ ಮಾತ್ರ ಎಷ್ಟೋ ಸಲ ಲೋಚ್‌ಗೆ ಬಗ್ಗುವುದಿಲ್ಲ. ಅದರ ಮರಿಗಳನ್ನು ತಿಂದು ಸಂಖ್ಯೆ ಏರದಂತೆ ನೋಡಿಕೊಳ್ಳುವುದಷ್ಟೇ ಲೋಚ್‌ನಿಂದ ಆಗುವ ಕೆಲಸ. ನಿಮ್ಮಲ್ಲಿರುವುದು ಟ್ರಂಪೆಟ್ ಸ್ನೇಲ್ ಒಂದೇ ಆದರೆ, ನಿರೀಕ್ಷೆಯನ್ನು ಈಗಲೇ ಅಷ್ಟಕ್ಕೆ ಇಳಿಸಿಕೊಳ್ಳಿ. ಅಂದಹಾಗೆ, ಅದು ಮರಳನ್ನು ಸಡಿಲಗೊಳಿಸುವ, ಅಡಿಗೆ ಬಿದ್ದ ಆಹಾರ ತಿನ್ನುವ ಉಪಕಾರಿ ಜೀವಿಯೂ ಹೌದು.

ಲೋಚ್ ತರುವ ಮೊದಲು ಇನ್ನೊಂದು ಮಾತು ಹೇಳಲೇಬೇಕು. ಬಸವನಹುಳು ಗಾಳಿ ಕುಡಿದು ಹೆಚ್ಚುವುದಿಲ್ಲ. ಮೀನಿಗೆ ಹಾಕಿ ಉಳಿದ ಆಹಾರ, ಕೊಳೆತ ಎಲೆ, ಪಾಚಿ, ಇವೇ ಅವುಗಳ ಊಟ. ಹುಳು ಒಮ್ಮೆಲೇ ಹೆಚ್ಚಾಯಿತೆಂದರೆ ಟ್ಯಾಂಕಿಗೆ ಬೀಳುವ ಆಹಾರ ಹೆಚ್ಚಾಗಿದೆ ಎಂದೇ ಲೆಕ್ಕ. ಮೀನುಗಳು ಎರಡು ನಿಮಿಷದೊಳಗೆ ತಿಂದು ಮುಗಿಸುವಷ್ಟು ಮಾತ್ರ ಹಾಕಿ, ವಾರಕ್ಕೊಂದು ದಿನ ಉಪವಾಸ ಬಿಡಿ, ಹಳದಿಯಾದ ಎಲೆ ಕತ್ತರಿಸಿ ತೆಗೆಯಿರಿ, ವಾರಕ್ಕೊಮ್ಮೆ ನೀರು ಬದಲಿಸುವಾಗ ಸೈಫನ್ನಿನಿಂದ ಅಡಿಯ ಕಸ ಎಳೆಯಿರಿ. ರಾತ್ರಿ ಒಂದು ಬಿಲ್ಲೆ ಸೌತೆಕಾಯಿಯನ್ನು ಫೋರ್ಕಿಗೆ ಚುಚ್ಚಿ ಟ್ಯಾಂಕಿನಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಅದಕ್ಕೆ ಮುತ್ತಿಕೊಂಡ ಹುಳುಗಳ ಸಮೇತ ಎತ್ತಿ. ಒಂದೆರಡು ತಿಂಗಳು ಹೀಗೆ ಮಾಡಿದ ಎಷ್ಟೋ ಟ್ಯಾಂಕುಗಳಿಗೆ ಲೋಚ್ ಬೇಕಾಗುವುದೇ ಇಲ್ಲ. ಇದನ್ನು ಮಾಡದೆ ಲೋಚ್ ತಂದರೆ, ಉಳಿದ ಆಹಾರವನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುವ ಲೋಚ್ ಬಸವನಹುಳುವಿಗಾಗಿ ಕಷ್ಟಪಡುವುದಿಲ್ಲ.

ಇಷ್ಟಾದ ಮೇಲೂ ನಿಮಗೆ ಲೋಚ್ ಬೇಕು ಅನ್ನಿಸಿದರೆ, ಹುಳುವಿನ ಕಾಟದ ಜೊತೆಗೆ ಆ ಮೀನಿನ ಮೇಲೂ ಪ್ರೀತಿ ಹುಟ್ಟಿದ್ದರೆ, ಮುಂದಿನ ಲೆಕ್ಕಕ್ಕೆ ಬರೋಣ. ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಮೂರನ್ನೂ ಗುಣಿಸಿ, ಸಾವಿರದಿಂದ ಭಾಗಿಸಿ. ಬಂದದ್ದು ಲೀಟರ್. 60, 30, 30 ಸೆಂಟಿಮೀಟರಿನ ಎರಡಡಿ ಟ್ಯಾಂಕಿಗೆ 54 ಲೀಟರ್. 90, 30, 38ರ ಮೂರಡಿ ಟ್ಯಾಂಕಿಗೆ ಸುಮಾರು 102. 120, 45, 45ರ ನಾಲ್ಕಡಿ ಟ್ಯಾಂಕಿಗೆ 243. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು ಇದಕ್ಕಿಂತ ಕಡಿಮೆಯೇ. ಲೋಚ್ ತಳದಲ್ಲಿ ಓಡಾಡುವ ಮೀನಾದ್ದರಿಂದ ಲೀಟರಿಗಿಂತ ಹೆಚ್ಚಾಗಿ ನೋಡಬೇಕಾದ್ದು ತಳದ ಉದ್ದ ಅಗಲ. ಎತ್ತರ ಹೆಚ್ಚಿದ್ದು ತಳ ಕಿರಿದಾದ ಟ್ಯಾಂಕ್ ಅದಕ್ಕೆ ಒಗ್ಗುವುದಿಲ್ಲ.

ಇನ್ನೊಂದು ವಿಷಯ ಗುಂಪು. ಬಸವನಹುಳು ತಿನ್ನುವ ಲೋಚ್‌ಗಳು ಬಹುತೇಕ ಬೋಟಿಯಾ ಬಳಗದವು, ಮತ್ತು ಈ ಬಳಗದ್ದು ಗುಂಪಿನ ಬದುಕು. ಅವುಗಳಲ್ಲಿ ದೊಡ್ಡದು ಚಿಕ್ಕದು ಎಂಬ ಮೇಲುಕೀಳು ಇರುತ್ತದೆ. ಐದಾರು ಇದ್ದರೆ ಜಗಳ ಎಲ್ಲರಲ್ಲೂ ಹಂಚಿಹೋಗುತ್ತದೆ, ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ, ಸಾಲಾಗಿ ಓಡಾಡುತ್ತವೆ. ಎರಡೇ ಇದ್ದರೆ ಒಂದು ಇನ್ನೊಂದನ್ನು ಅಟ್ಟಿ ಅಟ್ಟಿ ಮೂಲೆಗೆ ಸೇರಿಸುತ್ತದೆ. ಒಂದೇ ಇದ್ದರೆ ಹಗಲೆಲ್ಲ ಅಡಗಿ ಕೂರುತ್ತದೆ, ಇಲ್ಲವೇ ತನ್ನ ಸಿಟ್ಟನ್ನು ಬೇರೆ ಮೀನುಗಳ ಮೇಲೆ ತೀರಿಸಿಕೊಳ್ಳುತ್ತದೆ. ಆದ್ದರಿಂದ ಬೆಲೆ ಕೇಳುವಾಗ ಒಂದರ ಬೆಲೆಯನ್ನು ಆರರಿಂದ ಗುಣಿಸಿಯೇ ಯೋಚಿಸಿ. ಟ್ಯಾಂಕಿನ ಜಾಗವನ್ನೂ ಆರು ಬಲಿತ ಮೀನಿನ ಲೆಕ್ಕದಲ್ಲೇ ನೋಡಿ.

ಮೂರಡಿ ಟ್ಯಾಂಕ್ ಇರುವ ಹೊಸಬರಿಗೆ ನಾನು ಯಾವ ಅನುಮಾನವೂ ಇಲ್ಲದೆ ಹೇಳುವ ಹೆಸರು ಜೀಬ್ರಾ ಲೋಚ್. ಬೆಳೆದರೆ ಎಂಟೊಂಬತ್ತು ಸೆಂಟಿಮೀಟರ್. ಕಂದು ಮೈಯ ಮೇಲೆ ನೆತ್ತಿಯಿಂದ ಬಾಲದವರೆಗೆ ತೆಳುವಾದ ಹಳದಿ ಪಟ್ಟೆಗಳು. ಒಂದರ ಪಟ್ಟೆ ಇನ್ನೊಂದರಂತಿರುವುದಿಲ್ಲ, ಹಾಗಾಗಿ ಸ್ವಲ್ಪ ದಿನದಲ್ಲಿ ಆರೂ ಮೀನುಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಬೋಟಿಯಾಗಳಲ್ಲಿ ಸಾಧು ಸ್ವಭಾವದ ಮೀನುಗಳ ಸಾಲಿಗೆ ಸೇರುತ್ತದೆ. ಟೆಟ್ರಾ, ರಾಸ್ಬೋರಾ, ಡೇನಿಯೋ, ಸಣ್ಣ ಬಾರ್ಬ್‌ಗಳ ಗೊಡವೆಗೆ ಹೋಗುವುದಿಲ್ಲ. ಹಗಲಲ್ಲೂ ಹೊರಬಂದು ಆಡುತ್ತದೆ. ಬಸವನಹುಳು ಎಂದರೆ ಇಷ್ಟ. ನೀರು 22ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನಾಗಿರುತ್ತದೆ. ಹಾಗಾಗಿ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಚಳಿಗಾಲದ ಕೆಲವು ವಾರ ಬಿಟ್ಟರೆ ಹೀಟರಿನ ಕೆಲಸ ಕಡಿಮೆ.

ಈ ಮೀನಿನ ಬಗ್ಗೆ ನನಗೆ ವಿಶೇಷ ಅಕ್ಕರೆ ಇರುವುದಕ್ಕೆ ಇನ್ನೊಂದು ಕಾರಣವಿದೆ. ಇದು ನಮ್ಮ ಮಲೆನಾಡಿನ ಮೀನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣರಾವ್ ಅವರು ತುಂಗಾ ನದಿಯ ಈ ಮೀನನ್ನು 1920ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿ ಬೋಟಿಯಾ ಸ್ಟ್ರೈಯಾಟಾ ಎಂದು ಹೆಸರಿಟ್ಟರು. ಮುಂದೆ 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾದವರೂ ಅವರೇ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುವ ಹೊಳೆಗಳಲ್ಲಿ, ನಮ್ಮ ತುಂಗೆಯಲ್ಲೂ ಮಹಾರಾಷ್ಟ್ರದ ಕೊಲ್ಲಾಪುರದ ಕಡೆಯ ಹೊಳೆಗಳಲ್ಲೂ, ಇದು ಸಿಗುತ್ತದೆ. ಜಗತ್ತಿನ ಬೇರೆಲ್ಲೂ ಇಲ್ಲ. ಹೊಳೆಗಳು ಕೆಟ್ಟಿರುವುದು ಮತ್ತು ಅಲಂಕಾರಿಕ ಮೀನಿನ ವ್ಯಾಪಾರಕ್ಕೆ ಹಿಡಿಯುವುದು ಎರಡೂ ಸೇರಿ, ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಮೀನಾಗಿದೆ. ಆದ್ದರಿಂದ ಕೊಳ್ಳುವಾಗ "ಇದು ಸಾಕಿ ಬೆಳೆಸಿದ್ದೋ, ಹೊಳೆಯಿಂದ ಹಿಡಿದದ್ದೋ" ಎಂದು ಕೇಳಿ. ಹಾರ್ಮೋನ್ ಕೊಟ್ಟು ಫಾರ್ಮಿನಲ್ಲಿ ಮರಿ ಮಾಡಿಸಿದ ಜೀಬ್ರಾ ಲೋಚ್ ಮಾರುಕಟ್ಟೆಗೆ ಬರುತ್ತದೆ. ಅಂಥದ್ದು ಸಿಗುವವರೆಗೆ ಕಾಯಿರಿ. ಕೊಂಡ ಮೇಲೆ ಚೆನ್ನಾಗಿ ಸಾಕಿ. ಮಲೆನಾಡಿನವರಾಗಿದ್ದರೆ, ಹೊಳೆಗೆ ಬಲೆ ಹಾಕಿ ನಾನೇ ಹಿಡಿದು ತರುತ್ತೇನೆ ಎನ್ನುವ ಯೋಚನೆಯನ್ನಂತೂ ದಯವಿಟ್ಟು ಮಾಡಬೇಡಿ.

ಅಂಗಡಿಗಳಲ್ಲಿ ಜೀಬ್ರಾಗಿಂತ ಸುಲಭವಾಗಿ ಸಿಗುವುದು ಯೋಯೋ ಲೋಚ್. ಮರಿಯಿದ್ದಾಗ ಮೈಮೇಲಿನ ಕಪ್ಪು ಗೆರೆಗಳು ಇಂಗ್ಲಿಷಿನ ವೈ ಮತ್ತು ಓ ಅಕ್ಷರಗಳಂತೆ ಕಾಣುವುದರಿಂದ ಈ ಹೆಸರು. ಗಂಗಾ ಬಯಲಿನ ಮೀನು. ಇದರ ಶಾಸ್ತ್ರೀಯ ಹೆಸರು ಬೋಟಿಯಾ ಆಲ್ಮೋರೆ, ಉತ್ತರಾಖಂಡದ ಆಲ್ಮೋರಾದಿಂದ ಬಂದದ್ದು. ಬಸವನಹುಳು ಬೇಟೆಯಲ್ಲಿ ಇದು ಜೀಬ್ರಾಗಿಂತ ಚುರುಕು. ಆದರೆ 12ರಿಂದ 15 ಸೆಂಟಿಮೀಟರ್ ಬೆಳೆಯುತ್ತದೆ, ಚಟುವಟಿಕೆಯೂ ಗಲಾಟೆಯೂ ಅದಕ್ಕೆ ತಕ್ಕಂತೆ. ಪುಟ್ಟ ಟೆಟ್ರಾಗಳು ಇದರ ಓಡಾಟಕ್ಕೇ ಬೆದರುತ್ತವೆ. ನಾಲ್ಕಡಿ ಟ್ಯಾಂಕ್ ಇದ್ದು, ಜೊತೆಗೆ ಡೆನಿಸನ್ ಬಾರ್ಬ್‌ನಂಥ ಗಟ್ಟಿಮುಟ್ಟಾದ, ವೇಗವಾಗಿ ಈಜುವ ಮೀನುಗಳಿದ್ದರೆ ಯೋಯೋ ಒಳ್ಳೆಯ ಆಯ್ಕೆ. ಎರಡು ಯೋಯೋ ಜಗಳಕ್ಕಿಳಿದಾಗ ಮೈಬಣ್ಣ ಬೂದಿಯಾಗಿ ಗೆರೆಗಳು ಮಸುಕಾಗುವುದನ್ನು ಕಂಡು ಹೊಸಬರು ಕಾಯಿಲೆ ಎಂದು ಹೆದರುವುದುಂಟು. ಜಗಳ ನಿಂತ ಸ್ವಲ್ಪ ಹೊತ್ತಿಗೆ ಬಣ್ಣ ಮರಳುತ್ತದೆ.

ಈಗ ಎಲ್ಲರ ಕಣ್ಣು ಸೆಳೆಯುವ ಕ್ಲೌನ್ ಲೋಚ್. ಕಿತ್ತಳೆ ಮೈ, ಮೂರು ಕಪ್ಪು ಪಟ್ಟೆ, ಕೆಂಪು ಬಾಲ. ಸುಮಾತ್ರಾ ಮತ್ತು ಬೋರ್ನಿಯೋ ದ್ವೀಪಗಳ ನದಿಗಳಿಂದ ಬರುತ್ತದೆ. ಅಂಗಡಿಯ ಟ್ಯಾಂಕಿನಲ್ಲಿ ಇರುವುದು ನಾಲ್ಕೈದು ಸೆಂಟಿಮೀಟರಿನ ಮರಿ. ಬಲಿತ ಮೀನು 20 ಸೆಂಟಿಮೀಟರ್ ದಾಟುತ್ತದೆ, 30ರವರೆಗೂ ಹೋಗುತ್ತದೆ, ಚೆನ್ನಾಗಿ ನೋಡಿಕೊಂಡರೆ 20 ವರ್ಷಕ್ಕೂ ಹೆಚ್ಚು ಬದುಕುತ್ತದೆ. ಇಂಥ ಐದಾರು ಮೀನಿಗೆ ಆರಡಿ ಉದ್ದದ ಟ್ಯಾಂಕ್ ಬೇಕು. "ಈಗ ಚಿಕ್ಕದಿದೆ, ದೊಡ್ಡದಾದ ಮೇಲೆ ನೋಡೋಣ" ಎಂದು ತಂದವರ ಮನೆಯಲ್ಲಿ ಆ ಮೀನು ಬೆನ್ನು ಬಾಗಿ, ಬೆಳವಣಿಗೆ ಕುಂಠಿತವಾಗಿ ಕೊರಗುತ್ತದೆ. ಬಸವನಹುಳು ತಿನ್ನುವುದರಲ್ಲಿ ಇದು ನಿಸ್ಸೀಮ, ತಿನ್ನುವಾಗ ಟಕ್ ಟಕ್ ಎಂಬ ಸದ್ದು ಗಾಜಿನಾಚೆಗೂ ಕೇಳಿಸುತ್ತದೆ. ಹಾಗಿದ್ದರೂ ಮೊದಲ ಟ್ಯಾಂಕ್ ಇಟ್ಟವರು ಕ್ಲೌನ್ ಲೋಚ್ ತರುವುದು ಬೇಡ ಎಂದೇ ನನ್ನ ಮಾತು.

ಕ್ಲೌನ್‌ನ ಎದುರು ತುದಿಯಲ್ಲಿ ಇರುವುದು ಡ್ವಾರ್ಫ್ ಚೈನ್ ಲೋಚ್. ಐದಾರು ಸೆಂಟಿಮೀಟರಿಗೆ ಬೆಳವಣಿಗೆ ಮುಗಿಯಿತು. ಥಾಯ್ಲೆಂಡಿನ ಮೀನು, ಕಾಡಿನಲ್ಲಿ ಇದೂ ವಿರಳವಾಗಿದೆ, ವ್ಯಾಪಾರಕ್ಕೆ ಬರುವುದು ಫಾರ್ಮಿನ ಮರಿ. ಉಳಿದ ಲೋಚ್‌ಗಳಂತೆ ತಳಕ್ಕೆ ಅಂಟಿಕೊಳ್ಳದೆ ನಡುನೀರಿನಲ್ಲೂ ಗುಂಪಾಗಿ ಈಜುತ್ತದೆ. ಬಾಯಿ ಚಿಕ್ಕದಾದ್ದರಿಂದ ದೊಡ್ಡ ಹುಳುಗಳು ಅದರ ಕೈಲಾಗದು. ಸಣ್ಣವನ್ನು ತಿಂದು ಹೊಸ ಪೀಳಿಗೆ ಮೇಲೇಳದಂತೆ ಮಾಡುತ್ತದೆ. ದೊಡ್ಡ ಹುಳುಗಳನ್ನು ಸೌತೆಕಾಯಿಯಿಂದ ನೀವು ತೆಗೆದರೆ, ಸಣ್ಣವನ್ನು ಅದು ನೋಡಿಕೊಳ್ಳುತ್ತದೆ. ಎರಡೂವರೆ, ಮೂರಡಿ ಟ್ಯಾಂಕಿಗೆ ಎಂಟು ಹತ್ತರ ಗುಂಪು ಸೊಗಸು. ಸಿಗುವುದು ಅಪರೂಪ, ಬೆಲೆಯೂ ಹೆಚ್ಚು.

ಲೋಚ್ ಎಂಬ ಹೆಸರು ನೋಡಿ ಮೋಸ ಹೋಗಬಾರದ ಕೆಲವು ಮೀನುಗಳಿವೆ. ಹಾವಿನ ಮರಿಯಂತಿರುವ ಕೂಲಿ ಲೋಚ್ ಬಹಳ ಮುದ್ದಾದ ಮೀನು, ಆದರೆ ಬಸವನಹುಳು ಹತೋಟಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಕಲ್ಲಿಗೆ ಅಂಟಿಕೊಳ್ಳುವ ಹಿಲ್‌ಸ್ಟ್ರೀಮ್ ಲೋಚ್‌ಗಳು ಪಾಚಿ ಮೇಯುವವು. ಬೆನ್ನಿನುದ್ದಕ್ಕೂ ಒಂದೇ ಕಪ್ಪು ಗೆರೆಯ ಸ್ಕಂಕ್ ಲೋಚ್ ಹುಳುವನ್ನೇನೋ ತಿನ್ನುತ್ತದೆ, ಜೊತೆಗೆ ನೆರೆಹೊರೆಯ ಮೀನುಗಳ ರೆಕ್ಕೆಯನ್ನೂ. ಸಾಧು ಮೀನುಗಳ ಕಮ್ಯುನಿಟಿ ಟ್ಯಾಂಕಿಗೆ ಅದು ಬೇಡವೇ ಬೇಡ.

ಎರಡಡಿ ಟ್ಯಾಂಕ್ ಇದ್ದವರು ಇಲ್ಲಿಯವರೆಗೆ ಓದಿ ಬೇಸರಗೊಂಡಿರಬಹುದು. ಆದರೂ ನೇರವಾಗಿ ಹೇಳುತ್ತೇನೆ: 54 ಲೀಟರಿನ ಟ್ಯಾಂಕಿಗೆ ಈ ಯಾವ ಲೋಚನ್ನೂ ತರಬೇಡಿ. ನಿಮಗೆ ಆಹಾರದ ಮಿತಿ, ಸೌತೆಕಾಯಿ ಮತ್ತು ಕೈಯಿಂದ ತೆಗೆಯುವುದು ಇವೇ ದಾರಿ. ಬೇಕಾದರೆ ಅಸಾಸಿನ್ ಸ್ನೇಲ್ ಎಂಬ, ಹಳದಿ ಕಪ್ಪು ಪಟ್ಟೆಯ, ಬೇರೆ ಬಸವನಹುಳುಗಳನ್ನೇ ತಿನ್ನುವ ಬಸವನಹುಳುವನ್ನು ಮೂರು ನಾಲ್ಕು ಬಿಡಬಹುದು. ನಿಧಾನವಾದರೂ ಕೆಲಸ ಮಾಡುತ್ತದೆ, ಮೀನಿಗೆ ತೊಂದರೆ ಇಲ್ಲ. ಕೇರಳದ ಪುಟಾಣಿ ಪಫರ್ ಮೀನನ್ನೂ ಕೆಲವರು ಸೂಚಿಸುತ್ತಾರೆ. ಅದು ಎಷ್ಟು ಸಣ್ಣದೋ ಅಷ್ಟೇ ಕಚ್ಚುವ ಸ್ವಭಾವದ್ದು, ಬೇರೆ ಮೀನುಗಳ ಜೊತೆ ಬಿಡುವಂಥದ್ದಲ್ಲ.

ಲೋಚ್‌ಗೆ ಯಾವ ಹುಳು ಬೇಡದ್ದು, ಯಾವುದು ನೀವು ದುಡ್ಡು ಕೊಟ್ಟು ತಂದದ್ದು ಎಂಬ ಭೇದ ಗೊತ್ತಿಲ್ಲ. ನೆರೈಟ್ ಸ್ನೇಲ್, ಮಿಸ್ಟರಿ ಸ್ನೇಲ್ ಸಾಕಿದ್ದರೆ ಅವುಗಳ ಮೀಸೆಯನ್ನೂ ಮೈಯನ್ನೂ ಕಚ್ಚಿ ಕಾಡುತ್ತದೆ. ಚೆರ್ರಿ ಸೀಗಡಿಯ ಮರಿಗಳೂ ಉಳಿಯುವುದಿಲ್ಲ. ಬೆಟ್ಟಾ, ಉದ್ದ ಬಾಲದ ಗಪ್ಪಿಯಂಥ ನಿಧಾನದ ಮೀನುಗಳಿರುವಲ್ಲಿ ಲೋಚ್ ಬೇಡ. ಗೋಲ್ಡ್‌ಫಿಶ್ ಜೊತೆಗೂ ಬೇಡ, ಅದರ ನೀರಿನ ಅಗತ್ಯವೇ ಬೇರೆ.

ಟ್ಯಾಂಕ್ ಸಿದ್ಧಪಡಿಸುವ ಮಾತಿಗೆ ಬಂದರೆ, ಚೂಪಾದ ಜಲ್ಲಿ ಇದ್ದರೆ ತೆಗೆದು ನುಣುಪಾದ ಮರಳು ಹಾಕಿ. ಜಲ್ಲಿಯಲ್ಲಿ ಮೂತಿ ತಿಕ್ಕಿ ತಿಕ್ಕಿ ಮೀಸೆ ಸವೆದುಹೋಗುತ್ತದೆ. ಮರದ ಬೇರು, ಕಲ್ಲು, ಅರ್ಧ ತೆಂಗಿನ ಕರಟ, ಏನಾದರೂ ಇಟ್ಟು ಲೋಚ್‌ಗಳ ಸಂಖ್ಯೆಗಿಂತ ಹೆಚ್ಚು ಅಡಗುತಾಣ ಮಾಡಿ. ಹರಿವ ಹೊಳೆಯ ಮೀನುಗಳಾದ್ದರಿಂದ ಫಿಲ್ಟರ್ ಜೋರಾಗಿರಲಿ, ನೀರಿನಲ್ಲಿ ಆಮ್ಲಜನಕ ಚೆನ್ನಾಗಿರಲಿ. ಮಂಗಳೂರು, ಕಾರವಾರದ ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟಿದಾಗ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಏರ್ ಪಂಪನ್ನು ಹಗಲೂ ರಾತ್ರಿ ಓಡಿಸಬೇಕು. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಬಳಸಿ. ಟ್ಯಾಂಕಿನ ಮೇಲೆ ಮುಚ್ಚಳವಿರಲಿ, ಇವು ಹಾರುತ್ತವೆ. ಹೊಸ ಟ್ಯಾಂಕಿಗೆ ಲೋಚ್ ಬಿಡಬೇಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಕೆಲವು ತಿಂಗಳು ಕಳೆದಿರಬೇಕು.

ಇನ್ನು ಅಂಗಡಿಗೆ ಹೋಗಬಹುದು. ಟ್ಯಾಂಕಿನ ಮುಂದೆ ಐದು ನಿಮಿಷ ಸುಮ್ಮನೆ ನಿಂತು ನೋಡಿ. ಒಳ್ಳೆಯ ಲೋಚ್ ಗುಂಪಿನೊಡನೆ ಇರುತ್ತದೆ, ಮೂತಿ ಅಲ್ಲಾಡಿಸುತ್ತ ತಳ ತಡವುತ್ತಿರುತ್ತದೆ. ಹೊಟ್ಟೆ ತುಂಬಿಕೊಂಡಿರಬೇಕು. ತಲೆಯ ಹಿಂದೆ ಬೆನ್ನು ಇಳಿದು, ಹೊಟ್ಟೆ ಒಳಸೇರಿ, ಮೈ ಚೂರಿಯಂತೆ ತೆಳುವಾಗಿದ್ದರೆ ಕರುಳಿನಲ್ಲಿ ಹುಳುವಿನ ಬಾಧೆ ಇರಬಹುದು. ತಿಂದರೂ ಮೈಹತ್ತದೆ ಸಾಯುತ್ತದೆ. ಮೀಸೆ ಇಡಿಯಾಗಿದೆಯೇ ನೋಡಿ. ಮೈಮೇಲೆ ಉಪ್ಪು ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ ಒಂದೇ ಒಂದು ಮೀನಿನಲ್ಲಿ ಕಂಡರೂ ಆ ಟ್ಯಾಂಕಿನಿಂದ ಯಾವುದನ್ನೂ ತರಬೇಡಿ. ಆದರೆ ಓರೆಯಾಗಿ ಸತ್ತಂತೆ ಮಲಗಿದ ಲೋಚ್ ಕಂಡರೆ ಗಾಬರಿ ಬೇಡ. ಅದು ಈ ಬಳಗದ ಅಭ್ಯಾಸ. ಹತ್ತಿರ ಹೋದರೆ ಎದ್ದು ಓಡುತ್ತದೆ.

ಪ್ರತಿ ಬೋಟಿಯಾದ ಕಣ್ಣಿನ ಕೆಳಗೂ ಮಡಚಿಟ್ಟ ಒಂದು ಮುಳ್ಳಿದೆ. ಹೆದರಿದಾಗ ಅದನ್ನು ಹೊರಗೆ ಚಾಚಿ ನಿಲ್ಲಿಸುತ್ತದೆ. ಬಲೆಯಲ್ಲಿ ಹಿಡಿದರೆ ಮುಳ್ಳು ದಾರಕ್ಕೆ ಸಿಕ್ಕಿ, ಬಿಡಿಸುವಾಗ ಮೀನಿಗೂ ಗಾಯ, ನಿಮ್ಮ ಬೆರಳಿಗೂ ಗಾಯ. ಪ್ಲಾಸ್ಟಿಕ್ ಡಬ್ಬಿ ಅಥವಾ ಜಗ್ಗಿನಲ್ಲಿ ನೀರಿನ ಸಮೇತ ಹಿಡಿದುಕೊಡಲು ಅಂಗಡಿಯವರಿಗೆ ಹೇಳಿ. ಕವರನ್ನು ಎರಡು ಪದರ ಮಾಡಿಸಿ, ಒಂದೇ ಕವರಾದರೆ ಮುಳ್ಳು ತಾಗಿ ದಾರಿಯಲ್ಲೇ ಸೋರುತ್ತದೆ.

ತಂದ ಲೋಚ್‌ಗಳನ್ನು ಮೂರು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ ಇಟ್ಟು ನೋಡುವುದು ಕಡ್ಡಾಯ ಎಂದೇ ತಿಳಿಯಿರಿ. ಇವುಗಳ ಹುರುಪೆ ತೀರಾ ಸಣ್ಣದು, ಚರ್ಮ ಸೂಕ್ಷ್ಮ. ಬಿಳಿ ಚುಕ್ಕೆ ರೋಗ ಟ್ಯಾಂಕಿಗೆ ಬಂದರೆ ಮೊದಲು ತಗಲುವುದು ಲೋಚ್‌ಗೆ, ಔಷಧಿಯ ಪೆಟ್ಟು ಮೊದಲು ಬೀಳುವುದೂ ಅದಕ್ಕೇ. ನೀರಿನ ಉಷ್ಣತೆಯನ್ನು ನಿಧಾನವಾಗಿ 30ರ ಹತ್ತಿರಕ್ಕೆ ಏರಿಸಿ, ಗಾಳಿ ಹೆಚ್ಚು ಕೊಟ್ಟು, ಔಷಧಿ ಬೇಕೇ ಬೇಕಾದರೆ ಶೀಶೆಯ ಮೇಲೆ ಬರೆದ ಅಳತೆಯ ಅರ್ಧದಿಂದ ಶುರು ಮಾಡಿ. ತಾಮ್ರ ಇರುವ ಔಷಧಿ ಬೇಡ. ಬಸವನಹುಳು ಕೊಲ್ಲುವ ದ್ರಾವಣಗಳಲ್ಲಿ ಅನೇಕವು ತಾಮ್ರದವೇ. ಲೋಚ್ ಇರುವ ಟ್ಯಾಂಕಿಗೆ ಅವನ್ನು ಎಂದೂ ಹಾಕಬೇಡಿ. ಲೋಚ್ ಇಲ್ಲದಿದ್ದರೂ, ನೂರಾರು ಹುಳು ಒಮ್ಮೆಲೇ ಸತ್ತು ಕೊಳೆತರೆ ಏರುವ ಅಮೋನಿಯಾಕ್ಕೆ ನಿಮ್ಮ ಮೀನುಗಳೇ ಬಲಿಯಾಗುತ್ತವೆ.

ಲೋಚ್ ಬಿಟ್ಟ ಮರುದಿನವೇ ಹುಳು ಮಾಯವಾಗುವುದಿಲ್ಲ. ಮೊದಲ ಒಂದೆರಡು ವಾರ ಅವು ಅಡಗಿಕೊಂಡೇ ಇರಬಹುದು. ಧೈರ್ಯ ಬಂದ ಮೇಲೆ ಬೆಳಗ್ಗೆ ಮರಳಿನ ಮೇಲೆ ಖಾಲಿ ಚಿಪ್ಪುಗಳು ಕಾಣತೊಡಗುತ್ತವೆ, ಗಾಜಿನ ಮೇಲಿನ ಸಣ್ಣ ಹುಳುಗಳು ಮೊದಲು ಕಡಿಮೆಯಾಗುತ್ತವೆ. ಈ ದಿನಗಳಲ್ಲಿ ಹುಳು ತಿನ್ನಲಿ ಎಂದು ಲೋಚ್‌ಗಳನ್ನು ಉಪವಾಸ ಕೆಡವಬೇಡಿ. ದೀಪ ಆರಿಸಿದ ಮೇಲೆ ಮುಳುಗುವ ಗುಳಿಗೆ ಹಾಕಿ. ವಾರಕ್ಕೆ ಎರಡು ಸಲ ಫ್ರೋಜನ್ ಬ್ಲಡ್‌ವರ್ಮ್, ಆಗಾಗ ಬೇಯಿಸಿದ ಬಟಾಣಿ, ಸೌತೆಕಾಯಿ ಕೊಡಿ.

ಕೆಲವು ತಿಂಗಳಲ್ಲಿ ಹುಳು ಮುಗಿದೇ ಹೋಗಬಹುದು. ಮುಂದೆ ಹತ್ತು ವರ್ಷ ಬದುಕುವ ಮೀನುಗಳಿಗೆ ಇಷ್ಟದ ಊಟ ಸಿಗುತ್ತಿರಲಿ ಎಂದು ನೀವು ಬಯಸಿದರೆ, ಮೊದಲೇ ಒಂದಿಪ್ಪತ್ತು ಬ್ಲ್ಯಾಡರ್ ಸ್ನೇಲ್ ತೆಗೆದು ಬಾಲ್ಕನಿಯಲ್ಲಿ ಒಂದು ಟಬ್ಬಿನಲ್ಲಿ ಬಿಡಿ. ಒಂದು ಎಳೆ ಜಲಸಸ್ಯ, ಎರಡು ದಿನಕ್ಕೊಮ್ಮೆ ಎಲೆಕೋಸಿನ ಎಲೆಯ ತುಂಡು ಅವಕ್ಕೆ ಸಾಕು. ಸೊಳ್ಳೆ ಬಾರದಂತೆ ಮೇಲೆ ಜಾಲರಿ ಹಾಕಿ. ಕೆರೆಯಿಂದ ಹುಳು ಹಿಡಿದು ತರಬೇಡಿ, ಪರೋಪಜೀವಿಗಳು ಅವುಗಳ ಜೊತೆ ಬರುತ್ತವೆ. ನಮ್ಮ ಕೆರೆಗಳ ಕಂದು ರ‍್ಯಾಮ್ಸ್‌ಹಾರ್ನ್ ದನಗಳಿಗೆ ಬರುವ ಗೊರಕೆ ರೋಗದ ಪರೋಪಜೀವಿಗೂ ಆಶ್ರಯ ಕೊಡುವಂಥದ್ದು. ಹಾಗೆಯೇ ಹೆಚ್ಚಾದ ಹುಳುವನ್ನೋ ಬೇಡವಾದ ಮೀನನ್ನೋ ಕೆರೆಗೆ, ಹೊಳೆಗೆ ಬಿಡಬೇಡಿ. ಟಬ್ಬಿನಿಂದ ವಾರಕ್ಕೊಮ್ಮೆ ಏಳೆಂಟು ಹುಳು ತೆಗೆದು ಸಂಜೆ ದೀಪ ಆರಿಸುವ ಮುನ್ನ ಟ್ಯಾಂಕಿಗೆ ಹಾಕಿ, ಆರೂ ಲೋಚ್‌ಗೆ ಸಿಗುವಂತೆ ಬೇರೆ ಬೇರೆ ಮೂಲೆಗಳಲ್ಲಿ.